ಆದೇಶದ ರೂಪದಲ್ಲಿ ಬರುವ ಸೇಡು: ದೂರು ಕೊಟ್ಟವರನ್ನು ನಮ್ಮ ವ್ಯವಸ್ಥೆ ನಡೆಸಿಕೊಳ್ಳುವ ಬಗೆ

2010ರ ಜೂನ್ 23ರಂದು ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ತಮ್ಮ ಹುದ್ದೆಗೆ ರಾಜೀನಾಮೆ ಸಲ್ಲಿಸಿದರು. ಕಾರವಾರದಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಆರ್. ಗೋಕುಲ್ ಅವರನ್ನು ಅಮಾನತುಗೊಳಿಸಲು ಸರ್ಕಾರ ಮುಂದಾದದ್ದೇ ತಮ್ಮ ನಿರ್ಧಾರಕ್ಕೆ ತಕ್ಷಣದ ಕಾರಣವೆಂದು ಅವರು ಹೇಳಿದರು. ಗೋಕುಲ್ ಮಾಡಿದ್ದ ಕೆಲಸ ಕಡತದಲ್ಲಿ ಸ್ಪಷ್ಟವಾಗಿತ್ತು. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯಿಂದ ಪರವಾನಗಿ ಇಲ್ಲದೆ ಲಾರಿಗಳಲ್ಲಿ ಬಂದು ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ರಾಶಿ ಬಿದ್ದಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರನ್ನು ಆ ವರ್ಷದ ಮಾರ್ಚಿನಲ್ಲಿ ಅವರು ಜಪ್ತಿ ಮಾಡಿದ್ದರು. ಹೀಗೆ ಜಪ್ತಿಯಾಗಿ ಸರ್ಕಾರದ ಸುಪರ್ದಿಯಲ್ಲಿದ್ದ ಅದಿರೇ ಆಮೇಲೆ ಹಡಗು ಹತ್ತಿ ಹೋಯಿತು. ಅದನ್ನು ಸಾಗಿಸಿದವರ ಮೇಲೆ ಕ್ರಮವಾಗುವುದಕ್ಕೆ ಮುಂಚೆಯೇ, ಅದನ್ನು ತಡೆದಿದ್ದ ಅಧಿಕಾರಿಯ ಮೇಲೆ ಕ್ರಮದ ಮಾತು ಎದ್ದಿತು.

ಮುಂದಿನದು ರಾಜ್ಯಕ್ಕೆಲ್ಲ ಗೊತ್ತಿರುವ ಚರಿತ್ರೆ. ಹೆಗ್ಡೆಯವರು ಜುಲೈ 3ರಂದು ರಾಜೀನಾಮೆ ಹಿಂಪಡೆದರು. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಕುರಿತ ಅವರ ವರದಿ ಸರ್ಕಾರದ ಕೈ ಸೇರಿತು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದು ಅಂದಾಜಿಸಿತು, ಅದೇ ತಿಂಗಳ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಬೇಲೆಕೇರಿ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಹಾಲಿ ಶಾಸಕರೊಬ್ಬರೂ ಸೇರಿದಂತೆ ಆರೋಪಿಗಳಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿಯ ಫಲ ಏನೇ ಆಗಲಿ, ಬಂದರಿನಲ್ಲಿ ಅದಿರನ್ನು ತಡೆದ ಅಧಿಕಾರಿ ಹೇಳಿದ್ದರಲ್ಲಿ ಹುರುಳಿತ್ತು ಎಂದು ವಿಚಾರಣಾ ನ್ಯಾಯಾಲಯವೊಂದು ಹೇಳುವುದಕ್ಕೆ ಹದಿನಾಲ್ಕು ವರ್ಷ ಬೇಕಾಯಿತು. ಆ ಅಧಿಕಾರಿಯ ವಿರುದ್ಧ ಕೈಯೆತ್ತಲು ಮೂರು ತಿಂಗಳು ಸಾಕಾಗಿದ್ದವು.

ಅಧಿಕಾರದ ದುರುಪಯೋಗವನ್ನು ಬಯಲಿಗೆಳೆದವರ ಮೇಲಿನ ಸೇಡಿನ ಕುರಿತು ಬರೆಯುವಾಗ ನನಗೆ ಮುಖ್ಯವಾಗಿ ಕಾಣುವುದು ಈ ಎರಡು ಕಾಲಮಾನಗಳ ನಡುವಿನ ಅಂತರ. ಆರೋಪದ ಸತ್ಯಾಸತ್ಯತೆ ತೀರ್ಮಾನವಾಗಲು ಪ್ರಾಥಮಿಕ ತನಿಖೆ, ಪೂರ್ವಾನುಮತಿ, ದೋಷಾರೋಪ ಪಟ್ಟಿ, ಸಾಕ್ಷಿ ವಿಚಾರಣೆ, ಮೇಲ್ಮನವಿ ಎಲ್ಲವೂ ಬೇಕು. ಆರೋಪ ಮಾಡಿದವರನ್ನು ಶಿಕ್ಷಿಸಲು ಒಂದು ಪುಟದ ಆದೇಶ ಸಾಕು. ಕೊಲೆ, ಹಲ್ಲೆಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ, ಜನ ಬೀದಿಗಿಳಿಯುತ್ತಾರೆ, ಪೊಲೀಸರು ಪ್ರಕರಣ ದಾಖಲಿಸಲೇಬೇಕಾಗುತ್ತದೆ. ನಮ್ಮಲ್ಲಿ ನಡೆಯುವ ಸೇಡಿನ ಬಹುಪಾಲು ಮಾತ್ರ ಹಾಗೆ ಕಾಣಿಸಿಕೊಳ್ಳುವುದೇ ಇಲ್ಲ. ಅದು ಇಲಾಖೆಯ ಮಾಮೂಲು ಕಾಗದಪತ್ರದ ಒಳಗೇ ನಡೆದುಹೋಗುತ್ತದೆ, ಪ್ರತಿಯೊಂದು ಕಾಗದವೂ ನಿಯಮಕ್ಕೆ ಬದ್ಧವಾಗಿಯೇ ಇರುತ್ತದೆ. ಈ ಬಗೆಯ ಸೇಡನ್ನು ಹಿಡಿಯಬಲ್ಲ ಕಾನೂನು ಇಂದಿಗೂ ನಮ್ಮಲ್ಲಿ ಜಾರಿಯಲ್ಲಿಲ್ಲ.

ವರ್ಗಾವಣೆಯ ಆದೇಶವೊಂದನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. 'ಆಡಳಿತಾತ್ಮಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ ಮತ್ತು ಮುಂದಿನ ಆದೇಶದವರೆಗೆ' ಎಂಬ ಸಾಲು ಎಲ್ಲದರಲ್ಲೂ ಒಂದೇ. ಅದರ ಕೆಳಗೆ ಅಧಿಕಾರಿಯ ಹೆಸರು, ಈಗಿನ ಹುದ್ದೆ, ಹೋಗಬೇಕಾದ ಸ್ಥಳ ಇರುತ್ತವೆ. ಸ್ಥಳದ ಕಾಲಂನಲ್ಲಿ ಕೆಲವೊಮ್ಮೆ ಯಾವ ಊರೂ ಇರುವುದಿಲ್ಲ, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಲ್ಲಿ ವರದಿ ಮಾಡಿಕೊಳ್ಳತಕ್ಕದ್ದು ಎಂದಷ್ಟೇ ಇರುತ್ತದೆ. ಆ ಒಂದು ಸಾಲು ಬಂದರೆ ಅಧಿಕಾರಿ ಕೆಲಸವಿಲ್ಲದೆ ವಾರಗಟ್ಟಲೆ, ಕೆಲವರಾದರೆ ತಿಂಗಳುಗಟ್ಟಲೆ ಕಾಯುತ್ತಾರೆ. ಮಕ್ಕಳ ಶಾಲೆಯ ವರ್ಷ ಅರ್ಧದಲ್ಲಿರುತ್ತದೆ, ಬಾಡಿಗೆ ಮನೆಯ ಮುಂಗಡ ಸಿಕ್ಕಿಹಾಕಿಕೊಂಡಿರುತ್ತದೆ, ವಯಸ್ಸಾದ ತಂದೆತಾಯಿಯ ಔಷಧೋಪಚಾರ ಒಂದು ಊರಿನಲ್ಲಿ, ದುಡಿಮೆ ಇನ್ನೊಂದು ಊರಿನಲ್ಲಿ. ದೂರು ಕೊಟ್ಟದ್ದಕ್ಕೆ ಈ ವರ್ಗಾವಣೆ ಎಂದು ಆದೇಶದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ವರ್ಗಾವಣೆ ಸೇವೆಯ ಸಹಜ ಭಾಗ, ದುರುದ್ದೇಶ ಸಾಬೀತಾದರೆ ಅಥವಾ ಶಾಸನದ ನಿಯಮ ಉಲ್ಲಂಘನೆಯಾದರೆ ಮಾತ್ರ ನ್ಯಾಯಾಲಯ ಮಧ್ಯಪ್ರವೇಶಿಸಬಹುದು ಎಂಬುದು ದೀರ್ಘಕಾಲದಿಂದ ನೆಲೆನಿಂತ ನ್ಯಾಯತತ್ವ. ಆ ದುರುದ್ದೇಶವನ್ನು ಸಾಬೀತು ಮಾಡುವ ಹೊಣೆ ಎತ್ತಂಗಡಿಯಾದವರ ಮೇಲೆಯೇ ಬೀಳುತ್ತದೆ. ಅದಕ್ಕೆ ಬೇಕಾದ ಕಡತ ಮಾತ್ರ ಎತ್ತಂಗಡಿ ಮಾಡಿದವರ ಕಪಾಟಿನಲ್ಲಿರುತ್ತದೆ.

2017ರ ಜುಲೈನಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ವಿಷಯದಲ್ಲಿ ನಡೆದದ್ದು ಇದೇ ಮಾದರಿಯದು. ಆಗ ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ, ಜೈಲಿನಲ್ಲಿ ಅಕ್ರಮಗಳು ನಡೆಯುತ್ತಿವೆ, ಅಕ್ರಮ ಆಸ್ತಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಸವಲತ್ತುಗಳು ಸಿಗುತ್ತಿವೆ, ಅದಕ್ಕಾಗಿ 2 ಕೋಟಿ ರೂಪಾಯಿ ಲಂಚ ಕೈ ಬದಲಾಯಿಸಿರುವ ಮಾತಿದೆ ಎಂದು ತಮ್ಮ ಮೇಲಧಿಕಾರಿಗೆ ವರದಿ ಕೊಟ್ಟರು. ತಮ್ಮ ಮೇಲೂ ಬಂದ ಆ ಆರೋಪವನ್ನು ಮೇಲಧಿಕಾರಿ ಸಂಪೂರ್ಣವಾಗಿ ನಿರಾಕರಿಸಿದರು. ಒಂದು ವಾರ ತುಂಬುವಷ್ಟರಲ್ಲಿ, ಜುಲೈ 17ರಂದು, ರೂಪಾ ಅವರನ್ನು ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹುದ್ದೆಗೆ ವರ್ಗಾಯಿಸಲಾಯಿತು, ಮೇಲಧಿಕಾರಿಯನ್ನೂ ಆ ಹುದ್ದೆಯಿಂದ ತೆಗೆಯಲಾಯಿತು. ಇಬ್ಬರನ್ನೂ ಬದಲಿಸಿದ್ದೇವೆ, ಇದರಲ್ಲಿ ಪಕ್ಷಪಾತ ಎಲ್ಲಿದೆ ಎಂದು ಸರ್ಕಾರ ಕೇಳಬಹುದು. ಆರೋಪ ಮಾಡಿದವರನ್ನೂ ಆರೋಪಕ್ಕೆ ಒಳಗಾದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ರೀತಿಯೇ ನನ್ನ ದೃಷ್ಟಿಯಲ್ಲಿ ತಪ್ಪು. ತನಿಖೆಯ ಅವಧಿಯಲ್ಲಿ ಆರೋಪಿ ಸ್ಥಾನದಲ್ಲಿರುವವರನ್ನು ಸರಿಸುವುದಕ್ಕೆ ಕಾರಣವಿದೆ, ದಾಖಲೆಗಳ ಮೇಲೆ ಅವರ ಹಿಡಿತ ತಪ್ಪಬೇಕು. ದೂರು ಕೊಟ್ಟವರನ್ನು ಸರಿಸುವುದಕ್ಕೆ ಅಂಥ ಯಾವ ಕಾರಣವೂ ಇಲ್ಲ. ಮಾಧ್ಯಮಗಳ ಮುಂದೆ ಹೋದದ್ದು ನಿಯಮಬಾಹಿರ ಎಂಬ ಮಾತು ಆಗ ಮುಖ್ಯಮಂತ್ರಿಯಿಂದಲೇ ಬಂತು. ಸರ್ಕಾರ ನೇಮಿಸಿದ್ದ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ಸಮಿತಿ ಜೈಲಿನಲ್ಲಿ ವಿಶೇಷ ಸವಲತ್ತು ಸಿಕ್ಕಿದ್ದು ನಿಜವೆಂದು ಕಂಡುಕೊಂಡಿತು ಎಂಬುದು 2019ರಲ್ಲಿ ಹೊರಬಿತ್ತು. ಆಗ ಮಾತ್ರ 2017ರ ಎತ್ತಂಗಡಿಯ ಕಡತವನ್ನು ಮತ್ತೆ ತೆರೆದು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈ ರೋಗ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ 57 ಬಾರಿ ವರ್ಗಾವಣೆಯಾಗಿ 2025ರ ಏಪ್ರಿಲ್‌ನಲ್ಲಿ ನಿವೃತ್ತರಾದರು. 2012ರಲ್ಲಿ ಪ್ರಭಾವಿ ವ್ಯಕ್ತಿಯೊಬ್ಬರ ಜಮೀನು ವ್ಯವಹಾರದ ಮ್ಯುಟೇಶನ್ (ಖಾತೆ ಬದಲಾವಣೆ) ರದ್ದುಪಡಿಸಿದ ಅಧಿಕಾರಿ ಅವರು. ಆ ರಾಜ್ಯದಲ್ಲಿ ಪಕ್ಷಗಳು ಬದಲಾದವು, ಅವರ ವರ್ಗಾವಣೆಗಳು ಮಾತ್ರ ನಿಲ್ಲಲಿಲ್ಲ. ಇದನ್ನು ಗಮನಿಸಬೇಕು, ಏಕೆಂದರೆ ವಿರೋಧ ಪಕ್ಷದಲ್ಲಿದ್ದಾಗ ಇಂಥ ಅಧಿಕಾರಿಗಳನ್ನು ಹೊಗಳುವವರು ಅಧಿಕಾರಕ್ಕೆ ಬಂದ ಮೇಲೆ ಅದೇ ಅಧಿಕಾರಿಗಳನ್ನು ಹೊಂದಿಕೊಳ್ಳಲು ಬಾರದವರು ಎನ್ನುತ್ತಾರೆ.

ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು, ವರ್ಗಾವಣೆಗಳ ಬಗ್ಗೆ ಸಲಹೆ ಕೊಡುವ ನಾಗರಿಕ ಸೇವಾ ಮಂಡಳಿಗಳನ್ನು ರಚಿಸಿ, ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಪಡಿಸಿ, ಮೌಖಿಕ ಸೂಚನೆಗಳನ್ನು ಬರಹದಲ್ಲಿ ದಾಖಲಿಸಿ ಎಂದು ಆದೇಶಿಸಿತು. ಮೂರರಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದದ್ದೆಂದು ನಾನು ಭಾವಿಸುತ್ತೇನೆ, ಏಕೆಂದರೆ ನಮ್ಮ ಕಚೇರಿಗಳಲ್ಲಿ ಅಕ್ರಮದ ಸೂಚನೆ ಯಾವತ್ತೂ ಕಾಗದದ ಮೇಲೆ ಬರುವುದಿಲ್ಲ, ಅದು ಫೋನಿನಲ್ಲಿಯೋ ಆಪ್ತ ಕಾರ್ಯದರ್ಶಿಯ ಬಾಯಲ್ಲಿಯೋ ಬರುತ್ತದೆ. ಸಹಿ ಹಾಕುವವನು ಕೆಳಗಿನವನು. ಹಗರಣ ಹೊರಬಿದ್ದ ದಿನ ಸಹಿ ಮಾತ್ರ ಉಳಿದಿರುತ್ತದೆ. ಕನಿಷ್ಠ ಅವಧಿಯ ನಿಯಮ ಐಎಎಸ್ ಮಟ್ಟದಲ್ಲಿ ಕಾಗದದ ಮೇಲಾದರೂ ಇದೆ. ಕೆಳಗಿನ ನೌಕರರಿಗೆ ಸಾರ್ವತ್ರಿಕ ವರ್ಗಾವಣೆಯ ಅವಧಿ ಮುಗಿದ ಮೇಲೂ ಮುಖ್ಯಮಂತ್ರಿಗಳ ಅನುಮೋದನೆಯ ಹೆಸರಿನಲ್ಲಿ ವರ್ಷವಿಡೀ ಆದೇಶಗಳು ಹೊರಡುತ್ತಲೇ ಇರುತ್ತವೆ. ಆ ಅನುಮೋದನೆಯ ಹಿಂದೆ ಯಾರ ಶಿಫಾರಸು ಪತ್ರವಿದೆ ಎಂಬುದು ವಿಧಾನಸೌಧದ ಕಾರಿಡಾರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ನ್ಯಾಯಮಂಡಳಿಯ ಮುಂದೆ ಮಾತ್ರ ಅದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ವರ್ಗಾವಣೆಗೆ ಮಣಿಯದವರಿಗೆ ಅಮಾನತು ಮತ್ತು ಇಲಾಖಾ ವಿಚಾರಣೆ ಕಾದಿರುತ್ತವೆ. ಅಮಾನತಿನಲ್ಲಿರುವವರಿಗೆ ಮೊದಲ ತಿಂಗಳುಗಳಲ್ಲಿ ಸಿಗುವುದು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ. ಕರ್ತವ್ಯಲೋಪ, ಅಶಿಸ್ತು, ಮೇಲಧಿಕಾರಿಗಳ ಅನುಮತಿಯಿಲ್ಲದೆ ಪತ್ರಿಕೆಗಳೊಂದಿಗೆ ಮಾತಾಡಿದ್ದು ಎಂಬ ಆರೋಪಗಳಲ್ಲಿ ಕಾರಣ ಕೇಳಿ ನೋಟಿಸು ಬರುತ್ತದೆ, ಸಮಜಾಯಿಷಿ ತೃಪ್ತಿಕರವಾಗಿಲ್ಲ ಎಂಬ ಷರಾ ಬೀಳುತ್ತದೆ, ವಿಚಾರಣಾಧಿಕಾರಿಯ ನೇಮಕವಾಗುತ್ತದೆ. ಆ ವಿಚಾರಣೆ ಮುಗಿಯುವವರೆಗೆ ಬಡ್ತಿಯ ತೀರ್ಮಾನ ಮೊಹರು ಮಾಡಿದ ಲಕೋಟೆಯೊಳಗೆ ಕೂರುತ್ತದೆ. ನಿವೃತ್ತಿಯ ದಿನಕ್ಕೂ ಅದು ಮುಗಿದಿಲ್ಲವಾದರೆ ನಿವೃತ್ತಿ ಸೌಲಭ್ಯಗಳಿಗೂ ತಡೆ. ಕೊನೆಗೆ ಆರೋಪ ಸಾಬೀತಾಗಲಿಲ್ಲ ಎಂದು ಬಂದರೂ ಕಳೆದುಹೋದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಚಾರಣೆಯ ಅವಧಿಯೇ ದಂಡನೆಯ ಅವಧಿ ಎಂಬುದನ್ನು ಅರಿತವರೇ ಅದನ್ನು ಎಳೆಯುತ್ತಾರೆ. ಭ್ರಷ್ಟಾಚಾರದ ವಿರುದ್ಧ ದನಿ ಎತ್ತಿ ಮೇಲಿಂದ ಮೇಲೆ ವರ್ಗಾವಣೆ ಎದುರಿಸಿದ ಐಎಎಸ್ ಅಧಿಕಾರಿ ಎಂ.ಎನ್. ವಿಜಯಕುಮಾರ್ ಅವರ ಪತ್ನಿ ಜೆ.ಎನ್. ಜಯಶ್ರೀ, ಪತಿಯ ಜೀವಕ್ಕೆ ಅಪಾಯವಾಗದಿರಲೆಂದು ಎಲ್ಲ ದಾಖಲೆಗಳನ್ನೂ ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಪ್ರಕಟಿಸತೊಡಗಿದ್ದು ಈ ರಾಜ್ಯದಲ್ಲೇ. ರಾಜ್ಯದ ಹಿರಿಯ ಅಧಿಕಾರಿಯೊಬ್ಬರ ರಕ್ಷಣೆಗೆ ಅವರ ಮನೆಯವರೇ ಜಗತ್ತಿನ ಕಣ್ಣುಗಳನ್ನು ಕಾವಲಿಡಬೇಕಾಯಿತು ಎಂದರೆ, ಗ್ರಾಮ ಪಂಚಾಯಿತಿಯ ಕರವಸೂಲಿಗಾರನ ಪಾಡೇನು ಎಂದು ಊಹಿಸಬಹುದು.

ಸರ್ಕಾರಿ ನೌಕರರಲ್ಲದವರ ಮೇಲೆ ಬಳಕೆಯಾಗುವ ಅಸ್ತ್ರ ಮಾನನಷ್ಟ ಮೊಕದ್ದಮೆ. ಕಾಮಗಾರಿಗಳ ಬಿಲ್ ಪಾವತಿಗೆ ಶೇ. 40ರವರೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣ 2021ರಲ್ಲಿ ಪ್ರಧಾನಿಗೆ ಪತ್ರ ಬರೆದರು. ಆ ಬಳಿಕ ಸಚಿವರೊಬ್ಬರು ಹೂಡಿದ ಮಾನನಷ್ಟ ಪ್ರಕರಣದಲ್ಲಿ ಹೊರಟ ವಾರಂಟಿನ ಮೇರೆಗೆ 2022ರ ಡಿಸೆಂಬರಿನಲ್ಲಿ ಆ ಹಿರಿಯರನ್ನು ಬಂಧಿಸಲಾಯಿತು, ಜಾಮೀನಿನ ಮೇಲೆ ಅವರು ಹೊರಬಂದರು. ಆರೋಪ ಸುಳ್ಳೆಂದು ನಂಬುವ ಸಚಿವರಿಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ, ಅದರಲ್ಲಿ ಅನುಮಾನವಿಲ್ಲ. ಮಾನನಷ್ಟ ಅಪರಾಧವಾಗಿಯೂ ಮುಂದುವರಿಯಬೇಕೇ ಎಂಬುದು ಬೇರೆ ಪ್ರಶ್ನೆ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಹೊಸ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಎರಡು ವರ್ಷಗಳವರೆಗಿನ ಜೈಲುಶಿಕ್ಷೆಯೊಂದಿಗೆ ಅದು ಉಳಿದುಕೊಂಡಿದೆ. ಸಮನ್ಸ್ ಬಂದ ದಿನದಿಂದ ವಕೀಲರ ಶುಲ್ಕ, ದೂರದ ಊರಿನ ನ್ಯಾಯಾಲಯಕ್ಕೆ ಅಲೆದಾಟ, ತಪ್ಪಿದರೆ ವಾರಂಟ್. ದೊಡ್ಡ ಸಂಘವೊಂದರ ಅಧ್ಯಕ್ಷರ ಬೆನ್ನಿಗೆ ಜನರಿದ್ದರು. ಒಬ್ಬಂಟಿ ಮಾಹಿತಿ ಹಕ್ಕು ಅರ್ಜಿದಾರನಿಗೆ, ತಾಲ್ಲೂಕು ಮಟ್ಟದ ಪತ್ರಕರ್ತನಿಗೆ ಅಂಥ ಬೆಂಬಲ ಇರುವುದಿಲ್ಲ.

ಇನ್ನು ಪ್ರಾಣವನ್ನೇ ತೆತ್ತವರ ಮಾತು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರ ನವೆಂಬರಿನಲ್ಲಿ ಸುವರ್ಣ ಚತುಷ್ಕೋನ ಯೋಜನೆಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಪತ್ರಕ್ಕೆ ಸಹಿ ಹಾಕದೆ, ತಮ್ಮ ಪರಿಚಯವನ್ನು ಬೇರೊಂದು ಹಾಳೆಯಲ್ಲಿ ಇಟ್ಟು, ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿಕೊಂಡಿದ್ದರು. ಆದರೂ ಪತ್ರದೊಂದಿಗೆ ಹೆಸರೂ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು, ಕುಟುಂಬದವರು ಆ ವಿವರಣೆಯನ್ನು ಒಪ್ಪಲಿಲ್ಲ. ಕೊಲೆಯ ಕಾರಣದ ಬಗ್ಗೆ ಯಾರು ಏನೇ ನಂಬಲಿ, ದೇಶದ ಅತ್ಯುನ್ನತ ಕಚೇರಿಯ ಮೇಲೆ ವಿಶ್ವಾಸವಿಟ್ಟು ಕೊಟ್ಟ ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದರಲ್ಲಿ ವಿವಾದವಿಲ್ಲ.

ಮಂಜುನಾಥ್ ಷಣ್ಮುಗಂ ನಮ್ಮವರು. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌದ ಐಐಎಂ ಸೇರಿ, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದ ಇಪ್ಪತ್ತೇಳರ ಯುವಕ. ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕ್‌ಗಳಿಗೆ ಬೀಗ ಹಾಕಿಸಿದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಕೊಲ್ಲಲಾಯಿತು. ಅವರ ಮೃತದೇಹ ಸಿಕ್ಕಿದ್ದು ಅವರದೇ ಕಾರಿನ ಹಿಂಬದಿಯ ಸೀಟಿನಲ್ಲಿ. ಬಂಕ್ ಮಾಲೀಕನ ಮಗನಿಗೆ 2007ರಲ್ಲಿ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು, ಅಲಹಾಬಾದ್ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಈ ಪ್ರಕರಣ ಶಿಕ್ಷೆಯವರೆಗೆ ತಲುಪಿದ್ದರಲ್ಲಿ ಐಐಎಂನ ಹಳೆಯ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿಕೊಂಡು, ವಕೀಲರನ್ನು ಹಿಡಿದು, ಬೆಂಬಿಡದೆ ಹಿಂಬಾಲಿಸಿದ್ದರ ಪಾತ್ರ ದೊಡ್ಡದು. ಅಂಥ ಬೆಂಬಲವಿಲ್ಲದ ಕೊಲೆಗಳು ಎಷ್ಟೋ ಇವೆ.

ದುಬೆ ಕೊಲೆಯ ಬಳಿಕ ಸುಪ್ರೀಂ ಕೋರ್ಟ್ ಒತ್ತಾಯಿಸಿದ್ದರಿಂದ ಕೇಂದ್ರ ಸರ್ಕಾರ 2004ರ ಏಪ್ರಿಲ್ 21ರಂದು ಒಂದು ನಿರ್ಣಯ ಹೊರಡಿಸಿ, ಇಂಥ ದೂರುಗಳನ್ನು ಸ್ವೀಕರಿಸುವ ಅಧಿಕಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕೊಟ್ಟಿತು. ಇಂದಿಗೂ ನಡೆಯುತ್ತಿರುವುದು ಆ ವ್ಯವಸ್ಥೆಯೇ. ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಹೊರಗೆ ಅದು ಸಾರ್ವಜನಿಕ ಹಿತಾಸಕ್ತಿಯ ಮಾಹಿತಿಯೆಂದು ಬರೆಯಬೇಕು. ದೂರುದಾರರ ಹೆಸರು ವಿಳಾಸ ಲಕೋಟೆಯ ಮೇಲಿರಬಾರದು, ಒಳಗಿನ ಪತ್ರದಲ್ಲಿರಬೇಕು. ಗುಟ್ಟು ಕಾಯುವ ಸಲುವಾಗಿ ಆಯೋಗ ಸ್ವೀಕೃತಿಯನ್ನೂ ಕಳಿಸುವುದಿಲ್ಲ. ಇಷ್ಟು ಎಚ್ಚರಿಕೆ ಒಳ್ಳೆಯದೇ. ಆದರೆ ಈ ನಿರ್ಣಯ ಕೇಂದ್ರ ಸರ್ಕಾರ ಮತ್ತು ಅದರ ಅಧೀನ ಸಂಸ್ಥೆಗಳಿಗಷ್ಟೇ ಅನ್ವಯ. ಬೆಳಗಾವಿಯ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರಿಗೆ, ರಾಯಚೂರಿನ ಜಿಲ್ಲಾ ಆಸ್ಪತ್ರೆಯ ಔಷಧ ಉಗ್ರಾಣದ ಗುಮಾಸ್ತರಿಗೆ ಆ ಲಕೋಟೆಯಿಂದ ಯಾವ ಪ್ರಯೋಜನವೂ ಇಲ್ಲ.

ಈ ಕೊರತೆಯನ್ನು ತುಂಬಬೇಕಿದ್ದುದು ಅಕ್ರಮ ಬಯಲಿಗೆಳೆಯುವವರ (ವಿಷಲ್ ಬ್ಲೋವರ್) ರಕ್ಷಣೆಗೆಂದು ಸಂಸತ್ತು ಅಂಗೀಕರಿಸಿದ 2014ರ ಕಾಯ್ದೆ. 2010ರಲ್ಲಿ ಮಂಡನೆಯಾದ ಮಸೂದೆ 2011ರ ಡಿಸೆಂಬರಿನಲ್ಲಿ ಲೋಕಸಭೆಯನ್ನೂ 2014ರ ಫೆಬ್ರುವರಿಯಲ್ಲಿ ರಾಜ್ಯಸಭೆಯನ್ನೂ ದಾಟಿತು. ಆ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದರ ಕಲಂಗಳನ್ನು ಓದಿದರೆ ಒಳ್ಳೆಯದೂ ಕೆಟ್ಟದ್ದೂ ಎರಡೂ ಕಾಣುತ್ತವೆ. ಸರ್ಕಾರಿ ನೌಕರನಷ್ಟೇ ಅಲ್ಲದೆ ಯಾವುದೇ ವ್ಯಕ್ತಿ, ಸ್ವಯಂಸೇವಾ ಸಂಸ್ಥೆ ಕೂಡ ದೂರು ಕೊಡಬಹುದು, ಅಧಿಕೃತ ರಹಸ್ಯಗಳ ಕಾಯ್ದೆ ಅದಕ್ಕೆ ಅಡ್ಡಬರುವುದಿಲ್ಲ. ದೂರುದಾರರ ಗುರುತನ್ನು ಬಯಲು ಮಾಡಿದವರಿಗೆ ಮೂರು ವರ್ಷಗಳವರೆಗೆ ಜೈಲು. ಎಲ್ಲಕ್ಕಿಂತ ಮುಖ್ಯವಾದದ್ದು 11ನೇ ಕಲಂ: ದೂರುದಾರರು ತಮಗೆ ಕಿರುಕುಳವಾಗುತ್ತಿದೆ ಎಂದರೆ, ತಾನು ಕೈಗೊಂಡ ಕ್ರಮ ಕಿರುಕುಳವಲ್ಲ ಎಂದು ಸಾಬೀತು ಮಾಡುವ ಹೊಣೆ ಆಯಾ ಇಲಾಖೆಯದು. ಮೇಲೆ ಹೇಳಿದ ವರ್ಗಾವಣೆ ಆದೇಶದ ಒಂದು ಪುಟಕ್ಕೆ ಉತ್ತರ ಇರುವುದು ಈ ಒಂದು ಕಲಂನಲ್ಲಿ. ಆದೇಶ ಹೊರಡಿಸಿದವರು ತಮ್ಮ ಕಪಾಟಿನ ಕಡತವನ್ನು ತಾವೇ ತೆರೆದು, ಈ ವರ್ಗಾವಣೆಗೆ ದೂರಲ್ಲದೆ ಬೇರೆ ಕಾರಣವಿತ್ತೆಂದು ತೋರಿಸಬೇಕಾಗುತ್ತದೆ. ಐರೋಪ್ಯ ಒಕ್ಕೂಟ 2019ರಲ್ಲಿ ತಂದ ನಿರ್ದೇಶನದಲ್ಲೂ ಸಾಬೀತಿನ ಹೊಣೆಯನ್ನು ಇದೇ ರೀತಿ ಮಾಲೀಕರ ಮೇಲೆ ಹೊರಿಸಲಾಗಿದೆ.

ಕಾಯ್ದೆಯ ದೋಷಗಳೂ ಸಣ್ಣವಲ್ಲ. ರಾಜ್ಯದ ಸಚಿವರೊಬ್ಬರ ವಿರುದ್ಧದ ದೂರು ಮುಖ್ಯಮಂತ್ರಿಯ ಬಳಿ ಹೋಗಬೇಕು, ಶಾಸಕರ ವಿರುದ್ಧದ್ದು ಸಭಾಧ್ಯಕ್ಷರ ಬಳಿ. ತಮ್ಮ ಸಂಪುಟದವರ ಮೇಲಿನ ದೂರನ್ನು ತಾವೇ ವಿಚಾರಿಸುವ ಮುಖ್ಯಮಂತ್ರಿಯಿಂದ ದೂರುದಾರರು ಯಾವ ರಕ್ಷಣೆಯನ್ನು ನಿರೀಕ್ಷಿಸಬಹುದು? ಕಿರುಕುಳವೆಂದರೆ ಏನೇನು ಎಂಬುದನ್ನು ಕಾಯ್ದೆ ವಿವರಿಸಿಲ್ಲ. ಹೆಸರಿಲ್ಲದ ದೂರುಗಳನ್ನು ಅದು ಕೈಗೆತ್ತಿಕೊಳ್ಳುವುದಿಲ್ಲ.

ಈ ದೋಷಗಳನ್ನು ತಿದ್ದುವ ಬದಲು, 2015ರಲ್ಲಿ ಬಂದ ತಿದ್ದುಪಡಿ ಮಸೂದೆ ಕಾಯ್ದೆಯ ಶಕ್ತಿಯನ್ನೇ ಕುಗ್ಗಿಸಲು ಹೊರಟಿತು. ಹತ್ತು ಬಗೆಯ ಮಾಹಿತಿಯನ್ನು ದೂರಿನಲ್ಲಿ ಬಳಸುವಂತಿಲ್ಲ, ಅಧಿಕೃತ ರಹಸ್ಯಗಳ ಕಾಯ್ದೆಯಿಂದ ಇದ್ದ ವಿನಾಯಿತಿಯೂ ಇರದು ಎಂದು ಅದು ಹೇಳಿತು. ಲೋಕಸಭೆ ಒಪ್ಪಿದ ಆ ಮಸೂದೆ ರಾಜ್ಯಸಭೆಯಲ್ಲಿ ಉಳಿದು, 2019ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಮೂಲ ಕಾಯ್ದೆಯಾದರೂ ಜಾರಿಗೆ ಬಂತೇ ಎಂದರೆ ಅದೂ ಇಲ್ಲ. ಕಾಯ್ದೆ ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ ಎಂಬ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ದಶಕ ಕಳೆದರೂ ಹೊರಡಿಸಿಲ್ಲ. ಎರಡೂ ಸದನಗಳು ಒಪ್ಪಿ, ರಾಷ್ಟ್ರಪತಿಗಳು ಸಹಿ ಹಾಕಿದ ಶಾಸನವೊಂದನ್ನು ಕಾರ್ಯಾಂಗ ಹೀಗೆ ಎತ್ತಿಟ್ಟಿರುವುದು, ಅಧಿಕಾರದ ದುರುಪಯೋಗದ ವಿರುದ್ಧದ ಕಾಯ್ದೆಯ ವಿಷಯದಲ್ಲಿ ಅಧಿಕಾರದ ದುರುಪಯೋಗವೇ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೆಸರಿಲ್ಲದ ದೂರನ್ನು ನಮ್ಮ ಕಚೇರಿಗಳು ಮೂಗರ್ಜಿ ಎಂದು ಬದಿಗಿಡುತ್ತವೆ. ಹೆಸರಿದ್ದರೆ ಆ ಹೆಸರು ಸಂಜೆಯೊಳಗೆ ಸೇರಬಾರದವರ ಕಿವಿ ಸೇರುತ್ತದೆ. ಈ ಎರಡರ ನಡುವೆ ದೂರುದಾರನಿಗೆ ನಿಲ್ಲಲು ಜಾಗವಿಲ್ಲ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹೆಸರು, ವಿಳಾಸ ಎರಡೂ ಇರುತ್ತವೆ. ಪಂಚಾಯಿತಿಯ ಚರಂಡಿ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಕೇಳಿದವನ ಮನೆಗೆ ಮಾಹಿತಿಗಿಂತ ಮೊದಲು ಗುತ್ತಿಗೆದಾರನ ಕಡೆಯವರು ಬರುವುದು ಹಳ್ಳಿಗಳಲ್ಲಿ ಹೊಸ ಸಂಗತಿಯಲ್ಲ. ಅರ್ಜಿದಾರರು ಅಂಚೆ ಪೆಟ್ಟಿಗೆಯ ಸಂಖ್ಯೆ ಕೊಟ್ಟರೂ ಸಾಕು, ಮನೆ ವಿಳಾಸಕ್ಕೆ ಒತ್ತಾಯಿಸಬೇಕಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿಯೇ ಹೇಳಿತ್ತು. ಅದು ತಿಳಿದ ಅರ್ಜಿದಾರರೂ ಕಡಿಮೆ, ಅದನ್ನು ಒಪ್ಪುವ ಕಚೇರಿಗಳೂ ಕಡಿಮೆ.

ಇದಕ್ಕಿಂತ ಕೆಳಗೆ, ಆದೇಶದ ಕಾಗದವೂ ಇಲ್ಲದೆ ಸೇಡು ತೀರಿಸಿಕೊಳ್ಳುವ ಇನ್ನೊಂದು ಲೋಕವಿದೆ. ಆ ಕಡೆಗೆ ನಮ್ಮ ಚರ್ಚೆಗಳು ತಿರುಗುವುದೇ ಅಪರೂಪ. ಸರ್ಕಾರದ ಆಸ್ಪತ್ರೆ, ಹಾಸ್ಟೆಲ್, ನಗರಸಭೆ, ನಿಗಮಗಳಲ್ಲಿ ದುಡಿಯುವ ದೊಡ್ಡ ಸಂಖ್ಯೆಯ ಜನ ಇಂದು ಹೊರಗುತ್ತಿಗೆಯವರು. ಹಾಸ್ಟೆಲಿನ ಅಕ್ಕಿಬೇಳೆ ಮೂಟೆಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅಡುಗೆಯವರಿಗೆ ಗೊತ್ತು, ಹಾಜರಿ ಪುಸ್ತಕದಲ್ಲಿ ಎಷ್ಟು ಪೌರಕಾರ್ಮಿಕರ ಹೆಸರು ಸುಳ್ಳು ಎಂಬುದು ಮೇಸ್ತ್ರಿಗೆ ಗೊತ್ತು. ಅವರು ಬಾಯಿ ತೆರೆದರೆ ವರ್ಗಾವಣೆ ಬೇಕಿಲ್ಲ, ಅಮಾನತು ಬೇಕಿಲ್ಲ, ನಾಳೆಯಿಂದ ಬರಬೇಡ ಎಂದು ಏಜೆನ್ಸಿಯವನು ಹೇಳಿದರೆ ಮುಗಿಯಿತು. ಅವರ ಮಾಲೀಕ ಏಜೆನ್ಸಿ, ಕೆಲಸ ಇಲಾಖೆಯದು, ಹೊಣೆ ಇಬ್ಬರದೂ ಅಲ್ಲ. ಪ್ರಶ್ನಿಸಲು ಆದೇಶವೇ ಇಲ್ಲವಾದ್ದರಿಂದ ನ್ಯಾಯಾಲಯದಲ್ಲಿ ರದ್ದುಪಡಿಸುವಂಥದ್ದೂ ಏನಿಲ್ಲ. ಹಳ್ಳಿಯಲ್ಲಿ ದಲಿತ ಕುಟುಂಬವೊಂದು ಬಲಾಢ್ಯರ ವಿರುದ್ಧ ದೂರು ಕೊಟ್ಟರೆ ಅಂಗಡಿಯಲ್ಲಿ ಸಾಮಾನು ಸಿಗದಂತೆ, ಹೊಲದಲ್ಲಿ ಕೂಲಿ ಸಿಗದಂತೆ ನೋಡಿಕೊಳ್ಳುವ ಬಹಿಷ್ಕಾರವೂ ಇದೇ ಜಾತಿಯ ಸೇಡು. ಅಲ್ಲಿಯೂ ಕಾಗದವಿಲ್ಲ.

ಮಾತಾಡಲು ದಾರಿಯೇ ಕಾಣದವರ ಸಂಕಟ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು 2024ರ ಮೇ ತಿಂಗಳು ತೋರಿಸಿತು. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಪ್ರಾಣ ಕಳೆದುಕೊಂಡರು. ನಿಗಮದ 187 ಕೋಟಿ ರೂಪಾಯಿಯ ಅಕ್ರಮ ವರ್ಗಾವಣೆಯ ಪ್ರಸ್ತಾಪ ಅವರು ಬರೆದಿಟ್ಟ ಪತ್ರದಲ್ಲಿತ್ತು. ಆ ಪತ್ರದಿಂದಲೇ ಹಗರಣ ಹೊರಬಿದ್ದು, ಜೂನ್ ಮೊದಲ ವಾರದಲ್ಲಿ ಸಚಿವರೊಬ್ಬರು ರಾಜೀನಾಮೆ ಕೊಟ್ಟರು, ಹಲವು ತನಿಖಾ ಸಂಸ್ಥೆಗಳು ಕಡತಕ್ಕೆ ಕೈಹಾಕಿದವು. ಆ ನೌಕರರು ಜೀವಂತವಾಗಿದ್ದಾಗ ಅದೇ ಪತ್ರವನ್ನು ಯಾರ ಕೈಗೆ ಕೊಡಬಹುದಿತ್ತು ಎಂದು ಕೇಳಿಕೊಂಡರೆ ತೃಪ್ತಿಕರವಾದ ಉತ್ತರ ನನಗೆ ಸಿಗುವುದಿಲ್ಲ. ಮೇಲಧಿಕಾರಿಗೆ ಕೊಡುವಂತಿಲ್ಲ, ಕೇಂದ್ರದ ಲಕೋಟೆ ಅವರಿಗೆ ಅನ್ವಯಿಸದು, ಲೋಕಾಯುಕ್ತಕ್ಕೆ ಕೊಟ್ಟರೆ ಮರುದಿನ ಅದೇ ಕಚೇರಿಯಲ್ಲಿ ಅದೇ ಕುರ್ಚಿಯಲ್ಲಿ ಕೂರಬೇಕು.

ಎಲ್ಲ ದೂರುಗಳೂ ಸಾಚಾ ಅಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಣ ಕೀಳುವವರಿದ್ದಾರೆ, ತಮ್ಮ ಮೇಲಿನ ವಿಚಾರಣೆಯಿಂದ ತಪ್ಪಿಸಿಕೊಳ್ಳಲು ಮೇಲಧಿಕಾರಿಯ ಮೇಲೆ ಆರೋಪ ಹೊರಿಸುವ ನೌಕರರಿದ್ದಾರೆ, ಸುಳ್ಳು ದೂರಿನಿಂದ ವರ್ಷಗಟ್ಟಲೆ ನರಳಿದ ಪ್ರಾಮಾಣಿಕ ಅಧಿಕಾರಿಗಳೂ ಇದ್ದಾರೆ. ತಿಳಿದೂ ಸುಳ್ಳು ದೂರು ಕೊಟ್ಟವರಿಗೆ 2014ರ ಕಾಯ್ದೆಯಲ್ಲೇ ಎರಡು ವರ್ಷಗಳವರೆಗಿನ ಶಿಕ್ಷೆಯಿದೆ. ಆ ಶಿಕ್ಷೆ ಇರಲಿ. ಆದರೆ ದೂರು ಸುಳ್ಳೆಂದು ತೀರ್ಮಾನಿಸಬೇಕಾದದ್ದು ತನಿಖೆ ಮುಗಿದ ಮೇಲೆ, ಸ್ವತಂತ್ರ ಸಂಸ್ಥೆಯೊಂದರ ಮುಂದೆ. ತನಿಖೆ ಆರಂಭವಾಗುವ ಮೊದಲೇ, ಆರೋಪಕ್ಕೆ ಒಳಗಾದವರ ಕೈಯಲ್ಲೇ ದಂಡನೆಯ ಲೇಖನಿ ಇರುವ ಇಂದಿನ ವ್ಯವಸ್ಥೆಯನ್ನು ಸಮರ್ಥಿಸಲು ಈ ವಾದ ಸಾಲದು.

ತಾತ್ಕಾಲಿಕ ರಕ್ಷಣೆಯ ಕಲ್ಪನೆ ನಮ್ಮ ಶಾಸನಗಳಿಗೆ ಅಪರಿಚಿತವೇನೂ ಅಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 12ನೇ ಕಲಂ ಪ್ರಕಾರ, ವಿಚಾರಣೆ ನಡೆಯುತ್ತಿರುವಾಗಲೇ, ನೊಂದ ಮಹಿಳೆ ಲಿಖಿತವಾಗಿ ಕೋರಿದರೆ, ಅವರನ್ನಾಗಲಿ ಎದುರಿನವರನ್ನಾಗಲಿ ಬೇರೆಡೆಗೆ ವರ್ಗಾಯಿಸಬಹುದು, ಮೂರು ತಿಂಗಳವರೆಗೆ ರಜೆ ಕೊಡಬಹುದು. ಅಲ್ಲಿ ವರ್ಗಾವಣೆ ದೂರುದಾರರ ಕೋರಿಕೆಯ ಮೇಲೆ ಸಿಗುವ ಪರಿಹಾರ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರಿಂದ ಜಾರಿಯಾದ ತಿದ್ದುಪಡಿಯ 15ಎ ಕಲಂ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಪಡೆಯುವ ಹಕ್ಕನ್ನು ಕೊಟ್ಟಿದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಕಾನೂನಿನಂತೆಯೇ ಅನ್ವಯಿಸಿತು, ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ರಾಜ್ಯಗಳು ತಮ್ಮದೇ ಯೋಜನೆ ರೂಪಿಸಬೇಕೆನ್ನುತ್ತದೆ. ಆದರೆ ಸಾಕ್ಷಿ ರಕ್ಷಣೆ ಕ್ರಿಮಿನಲ್ ಪ್ರಕರಣ ಇದ್ದಾಗ ಮಾತ್ರ, ಅದೂ ಪ್ರಾಣ, ಆಸ್ತಿ, ಹೆಸರಿಗೆ ಒದಗುವ ಬೆದರಿಕೆಗೆ ಸಂಬಂಧಿಸಿದ್ದು. ಸಂಬಳ, ಹುದ್ದೆ, ಬಡ್ತಿಗಳ ಮೇಲಿನ ಪೆಟ್ಟನ್ನು ಅದು ತಡೆಯಲಾರದು.

ಕೇಂದ್ರದ ಅಧಿಸೂಚನೆಗಾಗಿ ಕಾಯುತ್ತ ಕೂರಬೇಕಾದ ಅಗತ್ಯ ಕರ್ನಾಟಕಕ್ಕಿಲ್ಲ. ರಾಜ್ಯದ ನೌಕರರ ಸೇವಾ ನಿಯಮಗಳು ರಾಜ್ಯದ ಕೈಯಲ್ಲೇ ಇವೆ, 1984ರ ಲೋಕಾಯುಕ್ತ ಕಾಯ್ದೆ ರಾಜ್ಯದ್ದೇ ಶಾಸನ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹಂಚಿಹೋಗಿದ್ದ ತನಿಖಾ ಅಧಿಕಾರ 2022ರ ಆಗಸ್ಟಿನ ಹೈಕೋರ್ಟ್ ತೀರ್ಪಿನಿಂದ ಲೋಕಾಯುಕ್ತಕ್ಕೆ ಮರಳಿದೆ. ಲೋಕಾಯುಕ್ತದಲ್ಲಿ ದೂರು ಅಥವಾ ಹೇಳಿಕೆ ಕೊಟ್ಟ ನೌಕರರನ್ನು ತನಿಖೆ ಮುಗಿಯುವವರೆಗೆ, ಮುಗಿದ ಮೇಲೂ ಒಂದು ನಿಗದಿತ ಅವಧಿಯವರೆಗೆ, ಲೋಕಾಯುಕ್ತರ ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾಯಿಸುವಂತಿಲ್ಲ, ಅಮಾನತು ಮಾಡುವಂತಿಲ್ಲ, ಹೊಸ ಇಲಾಖಾ ವಿಚಾರಣೆ ಆರಂಭಿಸುವಂತಿಲ್ಲ ಎಂಬ ಒಂದು ಕಲಂ ಸೇರಿಸಲು ವಿಧಾನಮಂಡಲಕ್ಕೆ ಅಡ್ಡಿಯಿಲ್ಲ. ಐಎಎಸ್, ಐಪಿಎಸ್, ಐಎಫ್‌ಎಸ್ ಅಧಿಕಾರಿಗಳ ಶಿಸ್ತುಕ್ರಮ ಕೇಂದ್ರದ ನಿಯಮಗಳಿಗೆ ಒಳಪಟ್ಟಿದ್ದರೂ, ರಾಜ್ಯದೊಳಗಿನ ಅವರ ವರ್ಗಾವಣೆಯ ಆದೇಶ ಹೊರಡುವುದು ವಿಧಾನಸೌಧದಿಂದಲೇ. ಲೋಕಾಯುಕ್ತದ ತನಿಖೆಯಲ್ಲಿ ದೂರುದಾರರ ಮಾತು ನಿಜವೆಂದು ಕಂಡುಬಂದಾಗ, ಆ ಅವಧಿಯಲ್ಲಿ ಅವರ ಮೇಲೆ ಹೊರಟಿದ್ದ ಪ್ರತಿಯೊಂದು ಆದೇಶವನ್ನೂ ತಾನಾಗಿಯೇ ಮರುಪರಿಶೀಲಿಸಿ, ಕಳೆದ ಬಡ್ತಿ ಮತ್ತು ವೇತನವನ್ನು ಬಡ್ಡಿಸಹಿತ ಕೊಡಬೇಕೆಂಬ ಇನ್ನೊಂದು ಕಲಂ ಅದರ ಜೊತೆಗಿರಬೇಕು. ಹೊರಗುತ್ತಿಗೆಯವರ ವಿಷಯದಲ್ಲಿ ಟೆಂಡರಿನ ಷರತ್ತುಗಳಲ್ಲೇ ಇದನ್ನು ಬರೆಯಬಹುದು: ಇಲಾಖೆಯ ಅಕ್ರಮದ ಬಗ್ಗೆ ದೂರು ಕೊಟ್ಟ ಕಾರ್ಮಿಕರನ್ನು ಏಜೆನ್ಸಿ ಕೆಲಸದಿಂದ ತೆಗೆದರೆ ಮೂವತ್ತು ದಿನಗಳೊಳಗೆ ಲಿಖಿತ ಕಾರಣ ಕೊಡಬೇಕು, ಕೊಡದಿದ್ದರೆ ಅದರ ಠೇವಣಿ ಮುಟ್ಟುಗೋಲಾಗಬೇಕು, ಕಾರ್ಮಿಕರ ವೇತನವನ್ನು ಇಲಾಖೆಯೇ ಭರಿಸಬೇಕು.